ದುಡ್ಡು ಕೊಟ್ಟರೆ ಅಚ್ಚಾಗುತ್ತೆ, ಪ್ರಕಟವಾಗಲ್ಲ!

ಕನ್ನಡದಲ್ಲಿ ಬರೆಯುವ ಹುಡುಗ ಹುಡುಗಿಯರೇ, ನಿಮ್ಮ ಬಳಿ ಅಚ್ಚಾಗದ ಕಥೆಗಳ ಕಟ್ಟು, ಕವಿತೆಯ ನೋಟ್‌ಬುಕ್ಕು, ಬರೆದು ಮುಗಿಸಿದ ಕಾದಂಬರಿ ಏನಾದರೂ ಇದ್ದರೆ ಈ ಮಾತು ನಿಮಗೆ. ನಾನು ಸಾಹಿತಿಯಲ್ಲ. ವಿಮರ್ಶಕನಂತೂ ಅಲ್ಲವೇ ಅಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು, ಈಗ ಸಣ್ಣದೊಂದು ಪ್ರೆಸ್ಸಿನ ಮಾಲೀಕ. ಮದುವೆ ಪತ್ರಿಕೆ, ಬಿಲ್ ಬುಕ್ಕು, ಸಂಘದ ಕರಪತ್ರ, ನಡುನಡುವೆ ಕನ್ನಡ ಪುಸ್ತಕ. ಇದು ನನ್ನ ಅನ್ನ. ಪುಸ್ತಕ ಹೇಗೆ ಬರೆಯಬೇಕು ಅಂತ ನಿಮಗೆ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಬರೆದ ಪುಸ್ತಕ ಎಲ್ಲೆಲ್ಲಿ ಹೇಗೆ ಹಾಳಾಗುತ್ತದೆ ಅನ್ನುವುದನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಕಣ್ಣಾರೆ ನೋಡಿದ್ದೇನೆ.

ನೋಡಿದ್ದರಲ್ಲಿ ಕಲಿತದ್ದು ಒಂದೇ ಮಾತು. ಅಚ್ಚು ಹಾಕುವುದು ಬೇರೆ, ಪ್ರಕಟಿಸುವುದು ಬೇರೆ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಮೊದಲ ಪುಸ್ತಕದ ಜತೆಗೇ ಬರೆಯುವುದನ್ನು ನಿಲ್ಲಿಸಿಬಿಟ್ಟರು. ಕೈಯಲ್ಲಿದ್ದ ದುಡ್ಡು ಹೋಯಿತು, ಪುಸ್ತಕ ಅಟ್ಟ ಸೇರಿತು, ಮನಸ್ಸು ಮುರಿಯಿತು. ನಷ್ಟ ಆ ಹುಡುಗನಿಗೆ ಮಾತ್ರ ಅಂದುಕೊಂಡಿರಾ? ಅವನು ಬರೆಯಬೇಕಾಗಿದ್ದ ಎರಡನೆಯ ಪುಸ್ತಕ, ಮೂರನೆಯ ಪುಸ್ತಕ ಕನ್ನಡಕ್ಕೆ ಸಿಗಲೇ ಇಲ್ಲವಲ್ಲ, ಆ ಲೆಕ್ಕ ಯಾರು ಬರೆದಿಡುತ್ತಾರೆ?

ನಾನು ಯಾರು, ಪ್ರಕಾಶಕ ಯಾರು?

ಮುದ್ರಕ ಅಂದರೆ ನಾನು. ನೀವು ದುಡ್ಡು ಕೊಡುತ್ತೀರಿ. ನಾನು ಕಾಗದದ ಮೇಲೆ ಮಸಿ ಹಾಕಿ, ಮಡಚಿ, ಹೊಲಿದು, ಅಂಟಿಸಿ, ಕಟ್ಟು ಕಟ್ಟಿ ಕೊಡುತ್ತೇನೆ. ಆ ಪುಸ್ತಕವನ್ನು ಒಬ್ಬರೂ ಓದದಿದ್ದರೂ ನನಗೆ ಒಂದು ಪೈಸೆ ನಷ್ಟವಿಲ್ಲ. ನನ್ನ ಕೂಲಿ ಬಂದಾಗಿದೆ.

ಪ್ರಕಾಶಕ ಅಂದರೆ ನಿಮ್ಮ ಹಸ್ತಪ್ರತಿಯ ಮೇಲೆ ತನ್ನ ದುಡ್ಡು ಹೂಡುವವನು. ಪುಸ್ತಕ ಮಾರದಿದ್ದರೆ ಕೈ ಸುಡುವುದು ಅವನದು. ಅದಕ್ಕೇ ಅವನು ನೂರು ಹಸ್ತಪ್ರತಿಯಲ್ಲಿ ನಾಲ್ಕನ್ನು ಆರಿಸುತ್ತಾನೆ. ಸಾಲು ಸಾಲಾಗಿ ತಿದ್ದಿಸುತ್ತಾನೆ. ಅಂಗಡಿಗೆ ಕಳಿಸುತ್ತಾನೆ, ವಿಮರ್ಶೆಗೆ ಕಳಿಸುತ್ತಾನೆ, ಮೇಳದಲ್ಲಿ ಮಳಿಗೆ ಹಾಕುತ್ತಾನೆ. ಯಾಕೆ? ಸಾಹಿತ್ಯ ಪ್ರೇಮ ಇದ್ದೀತು, ಬೇಡ ಅನ್ನುವುದಿಲ್ಲ. ಅದರ ಜತೆಗೆ ಹಾಕಿದ ದುಡ್ಡು ವಾಪಸ್ ಬರಬೇಕಲ್ಲ ಸ್ವಾಮಿ!

ಈ ಇಬ್ಬರ ನಡುವೆ ಈಗ ಮೂರನೆಯ ಜಾತಿಯೊಂದು ಹುಟ್ಟಿಕೊಂಡಿದೆ. ಫೋನ್ ತೆಗೆದರೆ ಅವರದೇ ಜಾಹೀರಾತು. 'ನೀವೂ ಲೇಖಕರಾಗಿ', 'ಮೂವತ್ತು ದಿನದಲ್ಲಿ ನಿಮ್ಮ ಪುಸ್ತಕ', ಬೆಳ್ಳಿ ಪ್ಯಾಕೇಜು, ಚಿನ್ನದ ಪ್ಯಾಕೇಜು, ವಜ್ರದ ಪ್ಯಾಕೇಜು. ಇವರಲ್ಲಿ ನೆಟ್ಟಗೆ ಕೆಲಸ ಮಾಡಿ, ಲೆಕ್ಕ ಕೊಟ್ಟು, ಹಕ್ಕನ್ನು ಬರೆದವರಿಗೇ ಬಿಡುವವರೂ ಇದ್ದಾರೆ. ಅವರ ಬಗ್ಗೆ ನನ್ನ ತಕರಾರಿಲ್ಲ. ಅವರು ನನ್ನ ಹಾಗೆ ಕೂಲಿಗೆ ಕೆಲಸ ಮಾಡುವವರು, ಅಷ್ಟೇ. ತಕರಾರಿರುವುದು ಮುದ್ರಕನ ಹಾಗೆ ದುಡ್ಡು ಮೊದಲೇ ಎಣಿಸಿಕೊಂಡು, ಪ್ರಕಾಶಕನ ಹಾಗೆ ಹಕ್ಕನ್ನೂ ಕಿಸೆಗೆ ಹಾಕಿಕೊಳ್ಳುವವರ ಬಗ್ಗೆ. ನಷ್ಟ ನಿಮ್ಮದು, ಹಕ್ಕು ಅವರದು. ಇದಾವ ನ್ಯಾಯ?

ಹೋದ ವರ್ಷ ಒಬ್ಬ ಹುಡುಗ ನಮ್ಮ ಪ್ರೆಸ್ಸಿಗೆ ಬಂದ. ಒಳ್ಳೇ ಕಥೆಗಳು ಅವನವು. ಇಂಥದೊಂದು ಕಂಪನಿಗೆ ಎರಡು ತಿಂಗಳ ಸಂಬಳ ಸುರಿದಿದ್ದ. ಕೈಗೆ ಬಂದದ್ದು ಐವತ್ತು ಪ್ರತಿ. ಮುಖಪುಟದಲ್ಲಿ ಅವನ ಹೆಸರಿನ ಒತ್ತಕ್ಷರವೇ ತಪ್ಪು. ಇನ್ನೂರು ಪ್ರತಿ ಬೇರೆ ಹಾಕಿಸೋಣ ಅಂತ ನನ್ನ ಹತ್ತಿರ ಬಂದಿದ್ದ. ಕರಾರು ಪತ್ರ ತೋರಿಸಪ್ಪ ಅಂದೆ. ಎಂಟು ಪುಟ, ಪೂರ್ತಿ ಇಂಗ್ಲಿಷು. ಇಬ್ಬರೂ ಕೂತು ಓದಿದೆವು. ಎಲ್ಲ ಭಾಷೆಯಲ್ಲಿ, ಎಲ್ಲ ರೂಪದಲ್ಲಿ, ಜಗತ್ತಿನ ಎಲ್ಲ ಕಡೆ ಪ್ರಕಟಿಸುವ ಹಕ್ಕನ್ನು ಅವನು ಆ ಕಂಪನಿಗೆ ಬರೆದುಕೊಟ್ಟಿದ್ದ. ದುಡ್ಡು ತಗೊಂಡು ಬರೆದುಕೊಟ್ಟಿದ್ದರೆ ಒಂದು ಮಾತು. ಇವನು ದುಡ್ಡು ಕೊಟ್ಟು ಬರೆದುಕೊಟ್ಟಿದ್ದ! ಅವನ ಪುಸ್ತಕ ಅವನೇ ಅಚ್ಚು ಹಾಕಿಸುವ ಹಾಗಿರಲಿಲ್ಲ. ನಾನು ಆ ಕೆಲಸ ಹಿಡಿಯಲಿಲ್ಲ, ವಕೀಲರ ಹತ್ತಿರ ಕಳಿಸಿದೆ.

ಒಂದು ಪ್ರಶ್ನೆ ಕೇಳುತ್ತೇನೆ. ಪುಸ್ತಕ ಕನ್ನಡದ್ದು. ಬರೆದವನು ಕನ್ನಡಿಗ. ಓದುವವರು ಕನ್ನಡಿಗರು. ಕರಾರು ಮಾತ್ರ ಯಾಕೆ ಇಂಗ್ಲಿಷಿನಲ್ಲಿ? ಬ್ಯಾಂಕಿನ ಚಲನ್ ಕನ್ನಡದಲ್ಲಿರಲಿ ಅಂತ ಕೇಳುವ ನಾವು ನಮ್ಮ ಬರಹದ ಹಕ್ಕುಪತ್ರ ಕನ್ನಡದಲ್ಲಿರಲಿ ಅಂತ ಯಾಕೆ ಕೇಳುವುದಿಲ್ಲ? ಕನ್ನಡದಲ್ಲಿ ಮಾಡಿಕೊಂಡ ಕರಾರಿಗೂ ಕಾನೂನಿನಲ್ಲಿ ಬೆಲೆ ಇದೆ. ಕೊಡಲ್ಲ ಅಂದರೆ ಎದ್ದು ಬನ್ನಿ.

ಸಹಿ ಹಾಕುವ ಮುಂಚೆ

1957ರ ಕೃತಿಸ್ವಾಮ್ಯ ಕಾಯ್ದೆ ಬರೆಯುವವರ ಪರವಾಗಿಯೇ ಇದೆ. ಓದಿಕೊಂಡವರು ಕಡಿಮೆ, ಅಷ್ಟೇ. ಸಂಬಳಕ್ಕೆ ಬರೆದದ್ದಲ್ಲದೆ, ನೀವಾಗಿ ಬರೆದದ್ದರ ಮೊದಲ ಒಡೆಯರು ನೀವೇ. ನೋಂದಣಿ ಮಾಡಿಸಿದರೂ ಅಷ್ಟೇ, ಮಾಡಿಸದಿದ್ದರೂ ಅಷ್ಟೇ. ಬರೆದ ಗಳಿಗೆಯಿಂದ ಹಕ್ಕು ನಿಮ್ಮದು. ನೀವು ಬದುಕಿರುವವರೆಗೂ ಇರುತ್ತದೆ, ನಿಮ್ಮ ನಂತರ 60 ವರ್ಷ ನಿಮ್ಮ ವಾರಸುದಾರರಿಗೆ ಇರುತ್ತದೆ.

ಆ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಬಾಯಿಮಾತು ಸಾಲದು. ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಗೌರವಧನ ಎಷ್ಟು ಎಂಬುದನ್ನು ಬರೆದಿರಬೇಕು. ಕಾಲ ಬರೆಯದಿದ್ದರೆ ಐದು ವರ್ಷ ಅಂತಲೇ ಕಾನೂನು ಲೆಕ್ಕ ಹಾಕುತ್ತದೆ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ. ಹಕ್ಕು ಬರೆಸಿಕೊಂಡವನು ಒಂದು ವರ್ಷದಲ್ಲಿ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಆ ವರ್ಗಾವಣೆ ಬಿದ್ದುಹೋಗುತ್ತದೆ. ಅಂದರೆ ಏನಾಯಿತು? ಕಾಗದದಲ್ಲಿ ಬರೆಯದೆ ಬಿಟ್ಟ ಜಾಗವನ್ನು ಕಾನೂನು ನಿಮ್ಮ ಪರವಾಗಿ ತುಂಬುತ್ತದೆ. ಅದಕ್ಕೇ ಕಿಲಾಡಿಗಳು ಒಂದು ಜಾಗವನ್ನೂ ಖಾಲಿ ಬಿಡುವುದಿಲ್ಲ. 'ಶಾಶ್ವತ', 'ಎಲ್ಲ ರೂಪ', 'ಎಲ್ಲ ಭಾಷೆ' ಎಂಬ ಮಾತುಗಳು ಕರಾರಿನಲ್ಲಿ ಕಂಡರೆ ಪೆನ್ನು ಕೆಳಗಿಡಿ.

ಕನ್ನಡದಲ್ಲಿ ಮುದ್ರಿಸುವ ಹಕ್ಕು ಒಂದು. ಅನುವಾದದ ಹಕ್ಕು ಬೇರೆ. ಸಿನಿಮಾ ಹಕ್ಕು ಬೇರೆ. ಧ್ವನಿಪುಸ್ತಕದ ಹಕ್ಕು, ಇ-ಪುಸ್ತಕದ ಹಕ್ಕು ಬೇರೆ ಬೇರೆ. ಸಾವಿರ ಪ್ರತಿ ಅಚ್ಚು ಹಾಕುವವನಿಗೆ ಸಾವಿರ ಪ್ರತಿಯ ಹಕ್ಕು ಕೊಡಿ, ಮನೆಯ ಬೀಗದ ಕೈಗೊಂಚಲು ಕೊಡಬೇಡಿ. ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದರು. ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು, 'ಹಾರ್ಟ್ ಲ್ಯಾಂಪ್' ಆಯಿತು, 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದಿತು. ಅದನ್ನು ತಂದ 'ಅಂಡ್ ಅದರ್ ಸ್ಟೋರೀಸ್' ಇಂಗ್ಲೆಂಡಿನ ಒಂದು ಸಣ್ಣ ಪ್ರಕಾಶನ ಸಂಸ್ಥೆ, ನೆನಪಿರಲಿ. ಹಾಸನದಲ್ಲಿ ಕೂತು ಬರೆದ ಕಥೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಬರೆಯುವಾಗ ಯಾರಿಗೂ ಗೊತ್ತಿರುವುದಿಲ್ಲ. ಮುಂದೊಂದು ದಿನ ನಿಮ್ಮ ಕಥೆಗೂ ಆ ಯೋಗ ಬಂದಾಗ ಅದರ ಹಕ್ಕು ಯಾವನೋ ಪ್ಯಾಕೇಜಿನವನ ಬೀರುವಿನಲ್ಲಿದ್ದರೆ ಏನು ಮಾಡುತ್ತೀರಿ?

ಮೊದಲ ದಾರಿ: ಪ್ರಕಾಶಕರು

ಕನ್ನಡದಲ್ಲಿ ತಮ್ಮ ದುಡ್ಡಿನಿಂದ ಹೊಸಬರ ಪುಸ್ತಕ ತರುವ ಪ್ರಕಾಶಕರು ಇನ್ನೂ ಇದ್ದಾರೆ. ಅವರ ಬಾಗಿಲು ತಟ್ಟುವ ಮುಂಚೆ ಪತ್ರಿಕೆಗಳ ಬಾಗಿಲು ತಟ್ಟಿ. 'ಸುಧಾ', 'ಮಯೂರ', 'ತರಂಗ' ಇವೆ. 'ಪ್ರಜಾವಾಣಿ' ದೀಪಾವಳಿ ಕಥಾಸ್ಪರ್ಧೆಯಿಂದ ಎದ್ದು ಬಂದ ಕಥೆಗಾರರು ಎಷ್ಟು ಜನ! ಮೊದಲ ಕಥಾಸಂಕಲನದ ಹಸ್ತಪ್ರತಿಗೇ ಬಹುಮಾನ ಕೊಟ್ಟು ಪುಸ್ತಕ ತರುವ ಕೆಲಸವನ್ನು 'ಛಂದ ಪುಸ್ತಕ' ಮಾಡಿಕೊಂಡು ಬಂದಿದೆ. ನಾಲ್ಕು ಕಥೆ ಅಚ್ಚಾಗಿ, ಓದಿದ ಅಪರಿಚಿತರು ಎರಡು ಮಾತು ಬರೆದಿದ್ದಾರೆ ಅಂದರೆ ಪ್ರಕಾಶಕ ನಿಮ್ಮ ಹಸ್ತಪ್ರತಿಯನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ.

ಕಳಿಸುವಾಗ ಎಲ್ಲರಿಗೂ ಒಂದೇ ಕಟ್ಟು ಕಳಿಸಬೇಡಿ. ವಿಜ್ಞಾನ, ವೈಚಾರಿಕ ಪುಸ್ತಕ ತರುವವರು ಬೇರೆ, ಕಾವ್ಯ ತರುವವರು ಬೇರೆ, ಜನಪ್ರಿಯ ಕಾದಂಬರಿಯವರು ಬೇರೆ. ಒಂದು ಶನಿವಾರ ಪುಸ್ತಕದಂಗಡಿಗೆ ಹೋಗಿ. ನಿಮ್ಮ ಪುಸ್ತಕದಂಥ ಪುಸ್ತಕಗಳನ್ನು ಯಾರು ತಂದಿದ್ದಾರೆ, ಕಾಗದ ಹೇಗಿದೆ, ಎಷ್ಟನೇ ಮುದ್ರಣ ಅಂತ ಒಳಪುಟ ತಿರುವಿ ನೋಡಿ. ಆ ಒಂದು ಪುಟ ಪ್ರಕಾಶಕನ ಜಾತಕ ಇದ್ದ ಹಾಗೆ.

ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ನೂರಕ್ಕೆ ಹತ್ತು. 180 ರೂಪಾಯಿ ಪುಸ್ತಕಕ್ಕೆ 18 ರೂಪಾಯಿ. ಸಾವಿರ ಪ್ರತಿ ಪೂರ್ತಿ ಮಾರಿದರೂ 18,000. ಇದರಲ್ಲಿ ಮನೆ ಕಟ್ಟಲಾಗದು. ಕೆಲವರು ದುಡ್ಡಿನ ಬದಲು ಪ್ರತಿಗಳನ್ನೇ ಕೊಡುತ್ತಾರೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಹೋಯಿತು ಅಂತ ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು ಎಂಬ ಸಾಲು ಕರಾರಿನಲ್ಲಿರಲಿ. ಪ್ರತಿಗಳು ಮುಗಿದು ಇಷ್ಟು ತಿಂಗಳೊಳಗೆ ಮರುಮುದ್ರಣ ಮಾಡದಿದ್ದರೆ ಹಕ್ಕು ವಾಪಸ್ ಎಂಬ ಸಾಲೂ ಇರಲಿ.

ಕಷ್ಟ ಏನೆಂದರೆ ಕಾಯಬೇಕು. ಆರು ತಿಂಗಳು ಉತ್ತರ ಬರದಿರಬಹುದು. ಫೋನಿನಲ್ಲಿ ಬರೆದ ಗಳಿಗೆಗೇ ನೂರು ಮೆಚ್ಚುಗೆ ನೋಡಿ ಬೆಳೆದ ನಿಮಗೆ ಇದು ಹಿಂಸೆ. ಆ ಹಿಂಸೆಯನ್ನೇ ಪ್ಯಾಕೇಜಿನವರು ಬಂಡವಾಳ ಮಾಡಿಕೊಂಡಿರುವುದು. 'ಆಯ್ಕೆಯಾಗಿದೆ, ಅಭಿನಂದನೆಗಳು' ಅಂತ ಎರಡೇ ದಿನದಲ್ಲಿ ಉತ್ತರ ಬಂದರೆ ಕೇಳಿಕೊಳ್ಳಿ: ಇನ್ನೂರು ಪುಟವನ್ನು ಅವರು ಓದಿದ್ದು ಯಾವಾಗ?

ಎರಡನೆಯ ದಾರಿ: ಸ್ವಂತ ಪ್ರಕಟಣೆ

ಸ್ವಂತ ದುಡ್ಡಿನಲ್ಲಿ ಪುಸ್ತಕ ತರುವುದು ಅವಮಾನ ಅಂತ ಯಾರಾದರೂ ಅಂದರೆ ನಕ್ಕುಬಿಡಿ. ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣ, ಪ್ರಕಟಣೆ ಎರಡಕ್ಕೂ ಕೈ ಹಾಕಿದರು. ಪೂರ್ಣಚಂದ್ರ ತೇಜಸ್ವಿ 'ಪುಸ್ತಕ ಪ್ರಕಾಶನ' ಅಂತ ತಮ್ಮದೇ ಪ್ರಕಾಶನ ಕಟ್ಟಿಕೊಂಡರು. ಅವರ 'ಕರ್ವಾಲೊ' ಮರುಮುದ್ರಣದ ಮೇಲೆ ಮರುಮುದ್ರಣ ಕಾಣುತ್ತಲೇ ಇದೆ. ಇವರು ಯಾರೂ ಅಚ್ಚು ಹಾಕಿಸಿ ಸುಮ್ಮನೆ ಮನೆಯಲ್ಲಿ ಕೂತವರಲ್ಲ. ಹೊರುವ ಕೆಲಸವನ್ನೂ ಮೈಮೇಲೆ ಹಾಕಿಕೊಂಡವರು. ಸ್ವಂತ ಪ್ರಕಟಣೆ ಅಂದರೆ ಪ್ರಕಾಶಕನ ಎಲ್ಲ ಕೆಲಸವೂ ನಿಮ್ಮ ತಲೆಗೆ ಬಂತು ಅಂತ ಅರ್ಥ. ಅದಕ್ಕೆ ತಯಾರಿದ್ದರೆ ಮಾತ್ರ ಈ ದಾರಿ.

ಈಗ ನನ್ನ ಕಸುಬಿನ ಗುಟ್ಟು ಬಿಟ್ಟುಕೊಡುತ್ತೇನೆ. ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡ ಹಾಗೆ, ಇರಲಿ.

ಆಫ್‌ಸೆಟ್‌ನಲ್ಲಿ ನೂರು ಪ್ರತಿ ಹಾಕಿದರೂ ಸಾವಿರ ಹಾಕಿದರೂ ಪ್ಲೇಟಿನ ಖರ್ಚು, ಮೆಷಿನ್ ಕೂರಿಸುವ ಖರ್ಚು ಒಂದೇ. ಹಾಗಾಗಿ ಪ್ರತಿ ಹೆಚ್ಚಿದಷ್ಟೂ ತಲಾ ಖರ್ಚು ಇಳಿಯುತ್ತದೆ. ಡಿಜಿಟಲ್ ಮುದ್ರಣದಲ್ಲಿ ಪ್ಲೇಟು ಇಲ್ಲ. ಹತ್ತು ಬೇಕಾದರೆ ಹತ್ತೇ ತೆಗೆಯಬಹುದು, ಆದರೆ ತಲಾ ಖರ್ಚು ಜಾಸ್ತಿ. ಎಲ್ಲ ಪ್ರೆಸ್ಸಿನವರೂ ನಿಮಗೆ ಹೇಳುವುದು ಇಷ್ಟೇ: 'ಸಾವಿರ ಹಾಕಿಸಿ ಸಾರ್, ಚೀಪಾಗುತ್ತೆ.'

ಚೀಪು ಯಾರಿಗೆ? ಲೆಕ್ಕ ನೋಡಿ. ದರ ಊರಿಂದ ಊರಿಗೆ, ಕಾಗದದಿಂದ ಕಾಗದಕ್ಕೆ ಬೇರೆ. ಇದು ಉದಾಹರಣೆಗೆ ಹಿಡಿದ ಲೆಕ್ಕ. ಡೆಮಿ 1/8 ಅಳತೆ, 160 ಪುಟ, ಅಂದರೆ ಹದಿನಾರು ಪುಟದ ಹತ್ತು ಫಾರಂ. ಡಿಜಿಟಲ್‌ನಲ್ಲಿ ಪ್ರತಿಗೆ 80 ರೂಪಾಯಿ ಅಂತಿಟ್ಟುಕೊಳ್ಳಿ, 200 ಪ್ರತಿಗೆ 16,000. ಆಫ್‌ಸೆಟ್‌ನಲ್ಲಿ ಪ್ರತಿಗೆ 45 ಅಂತಿಟ್ಟುಕೊಳ್ಳಿ, 1,000 ಪ್ರತಿಗೆ 45,000. ಮುಖಬೆಲೆ 180. ಅಂಗಡಿಗೆ ನೂರಕ್ಕೆ 35 ರಿಯಾಯಿತಿ ಕೊಟ್ಟರೆ ನಿಮಗೆ ಉಳಿಯುವುದು 117. ಎರಡೂ ಕಡೆ ಮಾರಾಟವಾದದ್ದು 200 ಪ್ರತಿ ಅನ್ನಿ. ಬಂದದ್ದು 23,400. ಡಿಜಿಟಲ್ ಹಾಕಿಸಿದವನಿಗೆ 7,400 ಉಳಿಯಿತು. ಸಾವಿರ ಹಾಕಿಸಿದವನಿಗೆ 21,600 ನಷ್ಟ, ಮೇಲೆ 800 ಪ್ರತಿ ಮಂಚದ ಕೆಳಗೆ. ಅವನು ಹಾಕಿದ ದುಡ್ಡು ಬರಬೇಕಾದರೆ 385 ಪ್ರತಿ ಹೋಗಬೇಕು. ನಿಮ್ಮ ಹೆಸರು ಕೇಳಿ ಪುಸ್ತಕ ಕೊಳ್ಳುವ 385 ಜನರ ಪಟ್ಟಿ ಬರೆಯಿರಿ ನೋಡೋಣ. ಚಿಕ್ಕಪ್ಪ, ದೊಡ್ಡಪ್ಪ, ಆಫೀಸಿನವರನ್ನು ಸೇರಿಸಬೇಡಿ. ಅವರೆಲ್ಲ ಪುಕ್ಕಟೆ ಗಿರಾಕಿಗಳು!

ಅದಕ್ಕೇ ಹೇಳುತ್ತೇನೆ, ಮೊದಲು ಇನ್ನೂರು ಹಾಕಿಸಿ. ಮುಗಿದರೆ ಮತ್ತೆ ಇನ್ನೂರು. ಮೂರನೇ ಸಲ ಬಂದಾಗ ಸಾವಿರದ ಮಾತಾಡೋಣ. ಇನ್ನೂ ಬುದ್ಧಿವಂತರು ಓದುಗರಿಂದ ಮುಂಗಡ ತಗೊಳ್ಳುತ್ತಾರೆ. ಇದೇನು ಹೊಸ ವಿದ್ಯೆಯಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿಯೇ ಬೆಳೆಯಿತು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ'ಯನ್ನು 1961ರಲ್ಲಿ ತಂದದ್ದೂ ಅವರೇ. ಆವತ್ತು ಮನಿಯಾರ್ಡರು, ಇವತ್ತು ಯುಪಿಐ, ವಾಟ್ಸ್ಆ್ಯಪ್. ಮುಂಗಡ ಕೊಟ್ಟವರ ಸಂಖ್ಯೆ ನೋಡಿ ಅಷ್ಟೇ ಅಚ್ಚು ಹಾಕಿಸಿ. ಸಾಲ ಇಲ್ಲ, ಅಟ್ಟ ಇಲ್ಲ.

ಐಎಸ್‌ಬಿಎನ್ ವಿಷಯಕ್ಕೆ ಬರೋಣ. ಪುಸ್ತಕದ ಹಿಂದೆ ಇರುವ ಹದಿಮೂರು ಅಂಕಿ. ಅದಕ್ಕೆ ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ಭಾರತದಲ್ಲಿ ಅದನ್ನು ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ. ಶುಲ್ಕವಿಲ್ಲ. ಲೇಖಕರೇ ಅರ್ಜಿ ಹಾಕಬಹುದು. ಕಂಪನಿಯವರು ತಮ್ಮ ಹೆಸರಿನಲ್ಲಿ ತೆಗೆದುಕೊಟ್ಟರೆ ದಾಖಲೆಯಲ್ಲಿ ಪ್ರಕಾಶಕರು ಅವರೇ ಆಗುತ್ತಾರೆ, ದುಡ್ಡು ಕೊಟ್ಟ ನೀವಲ್ಲ. ನೀವೇ ಪ್ರಕಾಶಕರಾದರೆ 1954ರ ಕಾಯ್ದೆಯ ಪ್ರಕಾರ ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಅದರಲ್ಲಿ ಹೇಳಿದ ಇನ್ನಿತರ ಗ್ರಂಥಾಲಯಗಳಿಗೂ ನಿಮ್ಮ ಖರ್ಚಿನಲ್ಲಿ ಒಂದೊಂದು ಪ್ರತಿ ಕಳಿಸಬೇಕು. ಕಳಿಸಿ. ನೂರು ವರ್ಷ ಕಳೆದು ಯಾರಾದರೂ ಹುಡುಕಿದಾಗ ನಿಮ್ಮ ಪುಸ್ತಕ ಅಲ್ಲಿರುತ್ತದೆ.

ಕರಡು ತಿದ್ದುವ ದುಡ್ಡನ್ನು ಮಾತ್ರ ಉಳಿಸಬೇಡಿ. ಬರೆದವನ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲ. ಅಲ್ಪಪ್ರಾಣ, ಮಹಾಪ್ರಾಣ, ಅರ್ಕಾವತ್ತು ಬಲ್ಲ ಹಿರಿಯರೊಬ್ಬರಿಗೆ ಗೌರವದಿಂದ ಕೂಲಿ ಕೊಟ್ಟು ತೋರಿಸಿ. ಕನ್ನಡ ಹೋರಾಟ ಅಂತ ಬೀದಿಗಿಳಿಯುವ ನಾವು ಕನ್ನಡವನ್ನೇ ತಪ್ಪಾಗಿ ಅಚ್ಚು ಹಾಕಿಸಿದರೆ ನೋಡಿದವರು ನಗುವುದಿಲ್ಲವೇ?

ಮೂರನೆಯ ದಾರಿ: ಪರದೆ

ಕಾಗದವೇ ಬೇಡ, ಫೋನಿನಲ್ಲೇ ಓದಲಿ ಅನ್ನುವವರೂ ಇದ್ದೀರಿ. ಪ್ರೆಸ್ಸಿನವನು ಬೈಯುತ್ತಾನೆ ಅಂದುಕೊಂಡಿರೇನೋ. ಬೈಯುವುದಿಲ್ಲ. 2014ರಲ್ಲಿ ಶುರುವಾದ ಪ್ರತಿಲಿಪಿಯಲ್ಲಿ ಕನ್ನಡದ ಗೃಹಿಣಿಯರು, ಹುಡುಗರು ಧಾರಾವಾಹಿ ಬರೆದು ಓದುಗರನ್ನು ಸಂಪಾದಿಸಿದ್ದಾರೆ. 2020ರಲ್ಲಿ ಮೈಲ್ಯಾಂಗ್ ಕನ್ನಡದ ಇ-ಪುಸ್ತಕ, ಧ್ವನಿಪುಸ್ತಕಕ್ಕೇ ಅಂತ ಬಂತು. ದುಡ್ಡು ಹಾಕದೆ ಓದುಗರಿದ್ದಾರೋ ಇಲ್ಲವೋ ಅಂತ ತಿಳಿಯಲು ಇದು ಒಳ್ಳೇ ದಾರಿ.

ಆದರೆ ಇಲ್ಲೂ ನಮ್ಮ ಭಾಷೆಗೆ ಏನಾಯಿತು ಅಂತ ತಿಳಿದಿರಲಿ. 2016ರ ಡಿಸೆಂಬರಿನಲ್ಲಿ ಅಮೆಜಾನ್‌ನವರು ಕಿಂಡಲ್‌ಗೆ ಐದು ಭಾರತೀಯ ಭಾಷೆ ತಂದರು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ? ಇಲ್ಲ! ಬೆಂಗಳೂರಿನಲ್ಲಿ ದೊಡ್ಡ ಕಚೇರಿ ಬೇಕು, ಬೆಂಗಳೂರಿನ ಗಿರಾಕಿ ಬೇಕು, ಇಲ್ಲಿನ ನುಡಿಗೆ ಮಾತ್ರ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಹಾಗಾಗಿ ಯಾವುದೇ ಜಾಲದವರ ಹತ್ತಿರ ಹೋದರೂ ಮೊದಲ ಪ್ರಶ್ನೆ ಕೇಳಿ: ಪಟ್ಟಿಯಲ್ಲಿ ಕನ್ನಡ ಇದೆಯೇ? ಇಲ್ಲದಿದ್ದರೆ ಬರೆದು ಕೇಳಿ, ಸಾವಿರ ಜನ ಕೇಳಿ. ಕೇಳದವರ ಭಾಷೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಪರದೆಗೆ ಹೋಗುವವರಿಗೂ ಕಾಗದಕ್ಕೆ ಬರುವವರಿಗೂ ನನ್ನದೊಂದು ಕಿವಿಮಾತು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೇ ನುಡಿ, ಬರಹದ ಅಕ್ಷರದಲ್ಲಿ ಮಾಡಿದ ಕಡತ ಪ್ರೆಸ್ಸಿನಲ್ಲಿ ನಡೆಯುತ್ತದೆ, ಆದರೆ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಪರಿವರ್ತಿಸುವಾಗ ಒತ್ತು, ಅರ್ಕಾವತ್ತು ಅಲ್ಲಲ್ಲಿ ಕಳಚಿಕೊಳ್ಳುತ್ತವೆ, ಮತ್ತೆ ಕರಡು ನೋಡಬೇಕು. ಇನ್ನೊಂದು, ನೀವು ತಿದ್ದಿದ ತಪ್ಪುಗಳೆಲ್ಲ ಡಿಟಿಪಿಯವನ ಕಂಪ್ಯೂಟರಿನಲ್ಲಿ ತಿದ್ದಿರುತ್ತವೆ. ನಿಮ್ಮ ಹತ್ತಿರ ಇರುವುದು ಮೊದಲಿನ ತಪ್ಪು ಪ್ರತಿ. ಬಿಲ್ಲು ಚುಕ್ತಾ ಮಾಡುವ ದಿನ ಒಳಪುಟ, ಮುಖಪುಟ ಎರಡರ ಅಂತಿಮ ಕಡತವನ್ನೂ ಕೇಳಿ ತಗೊಳ್ಳಿ. ಪಿಡಿಎಫ್ ಸಾಲದು, ತಿದ್ದಲು ಬರುವ ಮೂಲ ಕಡತ ಬೇಕು. ಕೊಡುವುದಾಗಿ ಮೊದಲೇ ಬರೆಸಿಕೊಳ್ಳಿ. ಅದು ಕೈಯಲ್ಲಿದ್ದರೆ ನಾಳೆ ಯಾವ ಪ್ರೆಸ್ಸಿಗೆ ಬೇಕಾದರೂ ಹೋಗಬಹುದು. ಇಲ್ಲದಿದ್ದರೆ ಹಳೇ ಪ್ರೆಸ್ಸಿನವನು ಹೇಳಿದ್ದೇ ದರ.

ಹಾಗಾದರೆ ಯಾವ ದಾರಿ?

ನನ್ನ ಅಭಿಪ್ರಾಯ ಕೇಳಿದರೆ ಹೀಗೆ. ಮೊದಲು ಪತ್ರಿಕೆಗೆ ಬರೆಯಿರಿ. ಆಮೇಲೆ ತನ್ನ ದುಡ್ಡು ಹಾಕುವ ಪ್ರಕಾಶಕರನ್ನು ಹುಡುಕಿ, ಒಂದು ವರ್ಷ ಕಾಯಿರಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಅರ್ಜಿ ಕರೆಯುತ್ತದೆ, ಪ್ರಕಟಣೆ ಬಂದಾಗ ಕಣ್ಣಿಟ್ಟು ಅರ್ಜಿ ಹಾಕಿ. ಇಷ್ಟಾದರೂ ಆಗಲಿಲ್ಲವೇ, ಪುಸ್ತಕದ ಮೇಲೆ ನಂಬಿಕೆ ಇನ್ನೂ ಇದೆಯೇ, ಮುಂಗಡ ಕೂಡಿಸಿ ಇನ್ನೂರು ಪ್ರತಿ ನೀವೇ ತನ್ನಿ. ದುಡ್ಡನ್ನೂ ಕೊಟ್ಟು ಹಕ್ಕನ್ನೂ ಕೊಡುವ ದಾರಿಗೆ ಮಾತ್ರ ಯಾವ ಕಾರಣಕ್ಕೂ ಹೋಗಬೇಡಿ. ಅವರು ವೇದಿಕೆ ಮೇಲೆ ಶಾಲು ಹೊದಿಸಿದರೂ ಬೇಡ.

ಬರೆಯದವರಿಗೂ ಒಂದು ಮಾತಿದೆ. ಪ್ರಕಾಶಕರು ಹೊಸಬರ ಮೇಲೆ ದುಡ್ಡು ಹಾಕಲು ಯಾಕೆ ಹೆದರುತ್ತಾರೆ? ಕೊಳ್ಳುವವರಿಲ್ಲ ಅಂತ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ನಂಬಿಕೊಂಡರೆ ಪುಟದ ಲೆಕ್ಕದ ದರ, ಬಿಲ್ಲಿಗೆ ಅಲೆದಾಟ. ನೀವು ಕಟ್ಟುವ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಬಾಬ್ತು ಇದೆ. ಅದು ಪುಸ್ತಕಕ್ಕೆ, ಗ್ರಂಥಾಲಯಕ್ಕೆ ಅಂತ ನಿಮ್ಮಿಂದ ವಸೂಲಿ ಮಾಡಿದ ದುಡ್ಡು. ಪಾಲಿಕೆ ಅದನ್ನು ಪೂರ್ತಿ ಗ್ರಂಥಾಲಯಕ್ಕೆ ಕೊಟ್ಟಿತೇ, ಅದರಲ್ಲಿ ಎಷ್ಟು ಕನ್ನಡ ಪುಸ್ತಕ ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ನಾಮಫಲಕಕ್ಕೆ ಮಸಿ ಬಳಿಯುವುದಕ್ಕಿಂತ ಕಡಿಮೆ ಖರ್ಚಿನ ಕೆಲಸ.

ನವೆಂಬರ್ ಬರುತ್ತದೆ. ಪೆಂಡಾಲು, ಆರ್ಕೆಸ್ಟ್ರಾ, ಹೂವಿನ ಹಾರ, ಫ್ಲೆಕ್ಸು. ಮಾಡಿ, ಫ್ಲೆಕ್ಸು ನಮಗೂ ನಾಲ್ಕು ಕಾಸು ತರುತ್ತದೆ. ಆದರೆ ಪ್ರತಿ ಘಟಕವೂ ಆ ಪೆಂಡಾಲಿನ ಮೂಲೆಯಲ್ಲಿ ಒಂದು ಮೇಜು ಹಾಕಲಿ. ನಿಮ್ಮ ಬಡಾವಣೆಯಲ್ಲೇ ಬರೆಯುತ್ತಿರುವ ಹುಡುಗಿಯದೋ ಹುಡುಗನದೋ ಮೊದಲ ಪುಸ್ತಕ ಅಲ್ಲಿ ಮಾರಾಟಕ್ಕಿರಲಿ. ಅತಿಥಿಗಳಿಗೆ ಕೊಡುವ ಪ್ಲಾಸ್ಟಿಕ್ ಫಲಕದ ಬದಲು ಆ ಪುಸ್ತಕ ಕೊಡಿ. ಪುಕ್ಕಟೆ ಇಸಿದುಕೊಳ್ಳಬೇಡಿ, ಮುಖಬೆಲೆ ಕೊಟ್ಟು ಕೊಳ್ಳಿ. ಒಂದು ಘಟಕ ಹತ್ತು ಪ್ರತಿ ಕೊಂಡರೆ ಇಪ್ಪತ್ತು ಘಟಕಕ್ಕೆ ಇನ್ನೂರು. ಒಂದು ಮೊದಲ ಮುದ್ರಣ ಮುಗಿಯಿತು! ಬರೆದವರು ಎರಡನೆಯ ಪುಸ್ತಕಕ್ಕೆ ಕೂತರು.

ಬರೆಯುವ ತಮ್ಮಂದಿರೇ, ತಂಗಿಯರೇ, ಅವಸರ ಬೇಡ. ಹಸ್ತಪ್ರತಿ ಕೊಳೆಯುವ ತರಕಾರಿಯಲ್ಲ. ಕರಾರನ್ನು ಕನ್ನಡದಲ್ಲಿ ಕೇಳಿ, ಎರಡು ಸಲ ಓದಿ, ಹಕ್ಕು ನಿಮ್ಮ ಕೈಯಲ್ಲೇ ಇರಲಿ. ಆಮೇಲೆ ಅಚ್ಚಿಗೆ ಬನ್ನಿ. ಇನ್ನೂರೇ ಪ್ರತಿ ಹಾಕಿಸಿ, ಬೇಜಾರಿಲ್ಲದೆ ಹಾಕಿಕೊಡುತ್ತೇವೆ.